ಗುದ್ದಿದವನ ಹತ್ತಿರ ಇನ್ಶೂರೆನ್ಸ್ ಇಲ್ಲದಿದ್ದರೆ? ಅಮೆರಿಕದಲ್ಲಿರುವ ಕನ್ನಡಿಗರಿಗೆ ಯುಎಂ ಕವರೇಜ್ ಕಾನೂನಿನ ಸಮಗ್ರ ಮಾರ್ಗದರ್ಶಿ

ಅಮೆರಿಕದ ರಸ್ತೆಯಲ್ಲಿ ಏಳು ಡ್ರೈವರ್‌ಗಳಲ್ಲಿ ಸುಮಾರು ಒಬ್ಬರ ಹತ್ತಿರ ಇನ್ಶೂರೆನ್ಸ್ ಇರುವುದಿಲ್ಲ. ಅಲ್ಲಿನ ಇನ್ಶೂರೆನ್ಸ್ ಉದ್ಯಮದ್ದೇ ಸಂಶೋಧನಾ ಸಂಸ್ಥೆ ಹೇಳುವ ಅಂದಾಜು ಇದು. ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಇನ್ಶೂರೆನ್ಸ್ ಕಡ್ಡಾಯ. ಆದರೂ ಪ್ರೀಮಿಯಂ ಕಟ್ಟದೆ ಪಾಲಿಸಿ ಲ್ಯಾಪ್ಸ್ ಆದವರು, ಒಂದು ತಿಂಗಳು ಕಟ್ಟಿ ಕಾರ್ಡ್ ತೋರಿಸಿ ಆಮೇಲೆ ನಿಲ್ಲಿಸಿದವರು, ಮೊದಲಿಂದಲೂ ತೆಗೆದುಕೊಳ್ಳದವರು ಎಲ್ಲ ಓಡಾಡುತ್ತಲೇ ಇರುತ್ತಾರೆ. ಉಳಿದ ಆರು ಜನರಲ್ಲೂ ಎಷ್ಟೋ ಮಂದಿ ರಾಜ್ಯ ಹೇಳಿದ ಕನಿಷ್ಠ ಮೊತ್ತಕ್ಕಷ್ಟೇ ಪಾಲಿಸಿ ಇಟ್ಟುಕೊಂಡಿರುತ್ತಾರೆ. ಅಂಥವನು ನಿಮಗೆ ಗುದ್ದಿ, ನೀವು ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದರೆ, ಆ ಕನಿಷ್ಠ ಮೊತ್ತ ಅಲ್ಲಿಗೇ ಮುಗಿಯಬಹುದು.

ಊರಿನಿಂದ ಬಂದವರು ಇಲ್ಲಿ ಎಡವುವುದಕ್ಕೆ ಕಾರಣ ಇದೆ. ಭಾರತದಲ್ಲಿ ಥರ್ಡ್ ಪಾರ್ಟಿ ಪಾಲಿಸಿ ಇದ್ದ ಗಾಡಿ ಗುದ್ದಿದರೆ, ಸಾವು ಅಥವಾ ಗಾಯಕ್ಕೆ ಟ್ರಿಬ್ಯೂನಲ್ ಎಷ್ಟು ಹೇಳುತ್ತದೋ ಅಷ್ಟನ್ನು ಕಂಪನಿ ಕೊಡಬೇಕು. ಪಾಲಿಸಿಯಲ್ಲಿ ಇಷ್ಟೇ ಎಂದು ಮೇಲ್ಮಿತಿ ಇರುವುದಿಲ್ಲ. ಅಮೆರಿಕದಲ್ಲಿ ಪ್ರತಿ ಪಾಲಿಸಿಗೂ ಮಿತಿ ಇದೆ. ಮಿತಿ ಮುಗಿದ ಮೇಲೆ ಉಳಿದದ್ದನ್ನು ಆ ಡ್ರೈವರ್‌ನ ಸ್ವಂತ ಆಸ್ತಿಯಿಂದ ವಸೂಲಿ ಮಾಡಬೇಕು. ಇನ್ಶೂರೆನ್ಸನ್ನೇ ಕಟ್ಟದವನ ಹತ್ತಿರ ಆಸ್ತಿ ಎಲ್ಲಿಂದ ಬರಬೇಕು?

ಈ ತೂತು ಮುಚ್ಚುವುದಕ್ಕೇ ಅನ್‌ಇನ್ಶೂರ್ಡ್ ಮೋಟರಿಸ್ಟ್ ಕವರೇಜ್ ಇರುವುದು. ಎಲ್ಲರೂ ಯುಎಂ ಎನ್ನುತ್ತಾರೆ. ತಪ್ಪು ಎದುರಿನವನದು, ಆದರೆ ಅವನಿಗೆ ಇನ್ಶೂರೆನ್ಸ್ ಇಲ್ಲ ಅಥವಾ ಅವನು ಗುದ್ದಿ ಓಡಿಹೋದ. ಆಗ ಅವನ ಕಂಪನಿ ಕೊಡಬೇಕಾಗಿದ್ದನ್ನು ನಿಮ್ಮ ಕಂಪನಿ ಕೊಡುತ್ತದೆ. ಆಸ್ಪತ್ರೆ ಬಿಲ್ಲು, ಕಳೆದುಹೋದ ಸಂಬಳ, ನೋವಿಗೆ ಪರಿಹಾರ, ಎಲ್ಲವೂ ಇದರಲ್ಲಿ ಬರುತ್ತದೆ. ಎದುರಿನವನಿಗೆ ಇನ್ಶೂರೆನ್ಸ್ ಇದ್ದೂ ಸಾಲದೆ ಹೋದರೆ ಬಳಕೆಗೆ ಬರುವುದು ಅಂಡರ್‌ಇನ್ಶೂರ್ಡ್ ಕವರೇಜ್, ಯುಐಎಂ. ಕೆಲವು ರಾಜ್ಯಗಳಲ್ಲಿ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ, ಕೆಲವು ಕಡೆ ಬೇರೆ ಬೇರೆ.

ಕಾನೂನಿನ ವಿಷಯದಲ್ಲಿ ಮೊದಲೇ ಒಂದು ಮಾತು. ಬಹುತೇಕ ರಾಜ್ಯಗಳಲ್ಲಿ ಯುಎಂ ವಿಷಯಕ್ಕೆ ಕಾನೂನು ನಿಮ್ಮ ಪರವಾಗಿಯೇ ಇದೆ. ನೀವೇ "ಬೇಡ" ಎಂದು ಸಹಿ ಹಾಕುವವರೆಗೆ. ಆನ್‌ಲೈನ್‌ನಲ್ಲಿ ಪಾಲಿಸಿ ಕೊಳ್ಳುವಾಗ ಪ್ರೀಮಿಯಂ ಕಡಿಮೆ ಕಾಣಲಿ ಎಂದು ಆ ಬೇಡ ಎನ್ನುವ ಫಾರಂ ಬೇರೆ ಹತ್ತು ಪುಟಗಳ ನಡುವೆ ಬಂದುಬಿಡುತ್ತದೆ. ನಾವು ಸುಮ್ನೆ ಇ-ಸೈನ್ ಒತ್ತಿ ಮುಂದೆ ಹೋಗುತ್ತೇವೆ. ಆ ಸಹಿಯನ್ನು ಹುಡುಕಿ, ಬೇಕಾದರೆ ವಾಪಸ್ ತೆಗೆಯುವುದು ಹೇಗೆ ಅನ್ನುವುದೇ ಈ ಬರಹದ ಮುಖ್ಯ ಕೆಲಸ.

ಹೆಜ್ಜೆ 1: ಡಿಕ್ಲರೇಶನ್ ಪೇಜ್ ತೆಗೆಯಿರಿ

ಕಂಪನಿಯ ಆ್ಯಪ್‌ನಲ್ಲಿ ಡಾಕ್ಯುಮೆಂಟ್ಸ್ ಅನ್ನುವ ಕಡೆ ಡಿಕ್ಲರೇಶನ್ ಪೇಜ್, ಅಂದರೆ ನಿಮ್ಮ ಕವರೇಜ್ ಮತ್ತು ಮಿತಿಗಳ ಪಟ್ಟಿ, ಇರುತ್ತದೆ. ಒಂದೆರಡು ಪುಟ ಅಷ್ಟೆ. ಗ್ಲೋವ್ ಬಾಕ್ಸ್‌ನಲ್ಲಿ ಇಡುವ ಚಿಕ್ಕ ಐಡಿ ಕಾರ್ಡ್ ಇದಕ್ಕೆ ಸಾಲದು, ಅದರಲ್ಲಿ ಈ ಮಾಹಿತಿ ಇರುವುದಿಲ್ಲ.

ಮೊದಲು ಬಾಡಿಲಿ ಇಂಜುರಿ ಲಯಬಿಲಿಟಿ ಅನ್ನುವ ಸಾಲು ನೋಡಿ. 100/300 ಎಂದಿದ್ದರೆ, ಒಬ್ಬ ವ್ಯಕ್ತಿಗೆ ಹೆಚ್ಚೆಂದರೆ 1,00,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 3,00,000 ಡಾಲರ್ ಎಂದರ್ಥ. ಇದು ನೀವು ಬೇರೆಯವರಿಗೆ ಗುದ್ದಿದರೆ ಅವರಿಗೆ ಸಿಗುವ ದುಡ್ಡು. ಕೆಳಗೆ ಯುಎಂ ಅಥವಾ ಯುಎಂ/ಯುಐಎಂ ಅನ್ನುವ ಸಾಲು ಹುಡುಕಿ. ಇದು ನಿಮಗೆ ಸಿಗುವ ದುಡ್ಡು.

ಎಷ್ಟೋ ಜನರ ಪಾಲಿಸಿಯಲ್ಲಿ ಮೇಲಿನ ಸಾಲು 250/500, ಕೆಳಗಿನ ಸಾಲು 30/60. ಅಂದರೆ ಅಪರಿಚಿತನಿಗೆ ಎರಡೂವರೆ ಲಕ್ಷ, ಸ್ವಂತ ಹೆಂಡತಿ ಮಕ್ಕಳಿಗೆ ಮೂವತ್ತು ಸಾವಿರ. ಆ ಸಾಲೇ ಇಲ್ಲದಿದ್ದರೆ, ಅಥವಾ ರಿಜೆಕ್ಟೆಡ್, ನಾಟ್ ಕವರ್ಡ್ ಎಂದಿದ್ದರೆ, ನಿಮ್ಮ ಸಹಿ ಎಲ್ಲೋ ಇದೆ ಎಂದೇ ಲೆಕ್ಕ.

ಕಾರು ಒಂದಕ್ಕಿಂತ ಜಾಸ್ತಿ ಇದ್ದರೆ ಪ್ರತಿ ಕಾರಿನ ಕಾಲಂ ನೋಡಿ. ಹಳೆಯ ಕಾರಿಗೆ ಯುಎಂ ತೆಗೆಸಿ, ಹೊಸದಕ್ಕೆ ಮಾತ್ರ ಇಟ್ಟುಕೊಂಡರೆ ಉಳಿತಾಯ ಆಯಿತು ಎಂದುಕೊಳ್ಳಬೇಡಿ. ನಿಮ್ಮದೇ ಕಾರು, ಆದರೆ ಅದಕ್ಕೆ ಯುಎಂ ಇಲ್ಲ ಎಂದಾದರೆ, ಅದರಲ್ಲಿ ಕೂತಿದ್ದಾಗ ಆದ ಗಾಯಕ್ಕೆ ಇನ್ನೊಂದು ಕಾರಿನ ಯುಎಂ ಕೊಡುವುದಿಲ್ಲ ಎಂಬ ಷರತ್ತು ಬಹಳಷ್ಟು ಪಾಲಿಸಿಗಳಲ್ಲಿ ಇರುತ್ತದೆ.

ಹೆಜ್ಜೆ 2: ನಿಮ್ಮ ರಾಜ್ಯ ಏನು ಹೇಳುತ್ತದೆ?

ಇನ್ಶೂರೆನ್ಸ್ ಕಾನೂನು ಅಮೆರಿಕದಲ್ಲಿ ರಾಜ್ಯಗಳ ಕೈಯಲ್ಲಿದೆ. ಮ್ಯಾಸಚೂಸೆಟ್ಸ್ 1927ರಲ್ಲೇ ಕಾರು ಇನ್ಶೂರೆನ್ಸ್ ಕಡ್ಡಾಯ ಮಾಡಿತು. ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಇವತ್ತಿಗೂ ಹೆಚ್ಚಿನವರಿಗೆ ಕಡ್ಡಾಯ ಇಲ್ಲ. ತಮಾಷೆ ಎಂದರೆ ಪಾಲಿಸಿ ಕೊಂಡರೆ ಅದರಲ್ಲಿ ಯುಎಂ ಇರಲೇಬೇಕು ಎಂದು ಹೇಳುವುದೂ ಇದೇ ರಾಜ್ಯ. ಪಾಲಿಸಿ ಕೊಳ್ಳದವರು ಸುತ್ತ ಇರುತ್ತಾರೆ ಎಂದು ಗೊತ್ತಿರುವ ರಾಜ್ಯ ಹಾಗೆ ಹೇಳುವುದು ಸರಿಯೇ.

ಒಟ್ಟಾರೆ ರಾಜ್ಯಗಳು ಮೂರು ಬಗೆ. ಕೆಲವು ಕಡೆ ಯುಎಂ ಕಡ್ಡಾಯ. ಬಹಳ ಕಡೆ ಕಂಪನಿ ಅದನ್ನು ಕೊಡಲು ಮುಂದಾಗಲೇಬೇಕು, ಬೇಡ ಎನ್ನುವುದಾದರೆ ನೀವು ಬರವಣಿಗೆಯಲ್ಲಿ ಹೇಳಬೇಕು. ಇನ್ನು ಕೆಲವೇ ಕಡೆ ಕಾನೂನು ಇದರ ಬಗ್ಗೆ ಏನೂ ಒತ್ತಾಯ ಮಾಡುವುದಿಲ್ಲ. ನಮ್ಮವರು ಜಾಸ್ತಿ ಇರುವ ರಾಜ್ಯಗಳನ್ನು ನೋಡೋಣ.

ಕ್ಯಾಲಿಫೋರ್ನಿಯಾ. ಇದು "ಬೇಡ ಎಂದು ಬರೆದುಕೊಡಿ" ಬಗೆಯ ರಾಜ್ಯ. ಇನ್ಶೂರೆನ್ಸ್ ಕೋಡ್‌ನ ಸೆಕ್ಷನ್ 11580.2 ಇದರ ಮೂಲ. 2025ರ ಜನವರಿ 1ರಿಂದ ಲಯಬಿಲಿಟಿ ಕನಿಷ್ಠ ಮಿತಿ 15/30/5 ಇದ್ದದ್ದು 30/60/15 ಆಗಿದೆ. ಮೂರನೆಯ ಅಂಕಿ ಆಸ್ತಿ ಹಾನಿಗೆ. 2035ರಲ್ಲಿ ಇದು 50/100/25 ಆಗಬೇಕಿದೆ. ಯುಎಂ ವಿಷಯದಲ್ಲಿ ಕಂಪನಿ 30/60 ತನಕ ಕೊಡಲೇಬೇಕು, ಅದಕ್ಕಿಂತ ಮೇಲೆ ಕೊಡುವುದು ಅದರ ಇಷ್ಟ. ಹೆಚ್ಚಿನ ಕಂಪನಿಗಳು ಕೇಳಿದರೆ ಕೊಡುತ್ತವೆ. ಕೇಳದಿದ್ದರೆ ಎಷ್ಟೋ ಸಲ ಕನಿಷ್ಠಕ್ಕೇ ನಿಲ್ಲಿಸುತ್ತವೆ. ಒಮ್ಮೆ ಬೇಡ ಎಂದು ಸಹಿ ಮಾಡಿದರೆ ಅದು ಮುಂದಿನ ರಿನ್ಯೂವಲ್‌ಗಳಿಗೂ ಅನ್ವಯಿಸುತ್ತದೆ. ವರ್ಷಗಳ ಹಿಂದೆ ಮೊದಲ ಹಳೆಯ ಕಾರಿಗೆ ಮಾಡಿದ ಸಹಿ ಇವತ್ತಿನ ಟೆಸ್ಲಾ ತನಕ ಹಿಂಬಾಲಿಸಿ ಬಂದಿರಬಹುದು.

ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಹಾನಿಗೂ ಒಂದು ಯುಎಂ ಇದೆ. ಆದರೆ ಅದು 3,500 ಡಾಲರ್‌ಗೇ ಮುಗಿಯುತ್ತದೆ. ಜೊತೆಗೆ ಗುದ್ದಿದ ಡ್ರೈವರ್ ಅಥವಾ ಆ ಗಾಡಿಯ ನಂಬರ್ ಗೊತ್ತಿರಬೇಕು. ಕೊಲಿಶನ್ ಕವರೇಜ್ (ಗುದ್ದಾಟದಲ್ಲಿ ನಿಮ್ಮ ಕಾರಿಗೆ ಆದ ಹಾನಿಗೆ ನಿಮ್ಮದೇ ಕಂಪನಿ ಕೊಡುವುದು) ಇದ್ದವರು ಇದರ ಬದಲು ಡಿಡಕ್ಟಿಬಲ್ ವೇವರ್ ತೆಗೆದುಕೊಳ್ಳುತ್ತಾರೆ. ಡಿಡಕ್ಟಿಬಲ್ ಎಂದರೆ ಕ್ಲೇಮ್‌ನಲ್ಲಿ ಮೊದಲು ನಿಮ್ಮ ಕೈಯಿಂದ ಹಾಕಬೇಕಾದ ಮೊತ್ತ, ವೇವರ್ ಇದ್ದರೆ ಅದು ಮಾಫಿ. ಕೆಲವೇ ಡಾಲರ್‌ನ ವಿಷಯ, ಹಾಕಿಸಿಕೊಳ್ಳಿ.

ಟೆಕ್ಸಾಸ್. ಡಾಲಸ್, ಆಸ್ಟಿನ್ ಕಡೆ ಇರುವವರಿಗೆ ಕನಿಷ್ಠ ಮಿತಿ 30/60/25. ಇಲ್ಲೂ ಕಂಪನಿ ಯುಎಂ/ಯುಐಎಂ ಕೊಡಲು ಮುಂದಾಗಬೇಕು, ಬೇಡ ಎಂದರೆ ಲಿಖಿತವಾಗಿ ಹೇಳಬೇಕು. ಲಿಖಿತ ನಿರಾಕರಣೆ ಇಲ್ಲದಿದ್ದರೆ ಕವರೇಜ್ ಇದೆ ಎಂದೇ ಕಾನೂನು ನೋಡುತ್ತದೆ. ಹಾಗಾಗಿ ಅಪಘಾತವಾದ ಮೇಲೆ ಕಂಪನಿ "ನಿಮಗೆ ಯುಎಂ ಇಲ್ಲ" ಎಂದರೆ, ತಕ್ಷಣ ಒಪ್ಪಬೇಡಿ. ನೀವು ಸಹಿ ಮಾಡಿದ ಆ ಫಾರಂ ತೋರಿಸಿ ಎಂದು ಕೇಳಿ. ಇಲ್ಲೂ ಹಳೆಯ ನಿರಾಕರಣೆ ರಿನ್ಯೂವಲ್‌ಗಳಲ್ಲಿ ಮುಂದುವರಿಯುತ್ತದೆ. ಕಾರಿನ ಹಾನಿಯ ಯುಎಂಗೆ 250 ಡಾಲರ್ ಡಿಡಕ್ಟಿಬಲ್ ಇರುತ್ತದೆ. ಕ್ಲೇಮ್ ಮಾಡುವಾಗ ಟೆಕ್ಸಾಸ್‌ಗೆ ತನ್ನದೇ ಒಂದು ರಗಳೆ ಇದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನ್ಯೂಜೆರ್ಸಿ. ಸ್ಟ್ಯಾಂಡರ್ಡ್ ಪಾಲಿಸಿಯಲ್ಲಿ ಯುಎಂ ಕಡ್ಡಾಯ. ಆದರೆ ಬೇಸಿಕ್ ಪಾಲಿಸಿ ಎಂಬ ಅಗ್ಗದ ಇನ್ನೊಂದು ಇದೆ, ಅದರಲ್ಲಿ ಯುಎಂ ಇಲ್ಲವೇ ಇಲ್ಲ. ಎಡಿಸನ್ ಕಡೆಗೆ ಹೊಸದಾಗಿ ಬಂದು ಅತಿ ಕಡಿಮೆ ಕೋಟ್ ಹುಡುಕುವವರು ಇದನ್ನೇ ಕೊಂಡುಬಿಡುತ್ತಾರೆ. ದಯವಿಟ್ಟು ಬೇಡ. ಸ್ಟ್ಯಾಂಡರ್ಡ್ ಪಾಲಿಸಿಯ ಕನಿಷ್ಠ ಮಿತಿ 2023ರಲ್ಲಿ 25/50/25 ಆಯಿತು, 2026ರ ಜನವರಿ 1ರಿಂದ 35/70/25. ನಿಮ್ಮ ಯುಎಂ ನಿಮ್ಮ ಲಯಬಿಲಿಟಿಗಿಂತ ಹೆಚ್ಚು ಇರುವಂತಿಲ್ಲ. ಯುಎಂ ಏರಿಸಬೇಕೆಂದರೆ ಮೊದಲು ಲಯಬಿಲಿಟಿ ಏರಿಸಬೇಕು. ಲಿಮಿಟೇಶನ್ ಆನ್ ಲಾಸೂಟ್ ಎಂಬ ಆಯ್ಕೆಯನ್ನೂ ನೋಡಿಕೊಳ್ಳಿ. ಅದನ್ನು ಒಪ್ಪಿದರೆ ಪ್ರೀಮಿಯಂ ಇಳಿಯುತ್ತದೆ, ಆದರೆ ಗಂಭೀರ ಗಾಯ ಅಲ್ಲದಿದ್ದರೆ ನೋವಿಗೆ ಪರಿಹಾರ ಕೇಳುವ ಹಕ್ಕು ಹೋಗುತ್ತದೆ.

ನ್ಯೂಯಾರ್ಕ್. 25/50 ಯುಎಂ ಕಡ್ಡಾಯ, ಸಾವಾದರೆ 50/100. ಆದರೆ ಈ ಮೂಲ ಯುಎಂ ನ್ಯೂಯಾರ್ಕ್ ರಾಜ್ಯದ ಒಳಗೆ ಆದ ಅಪಘಾತಕ್ಕೆ ಮಾತ್ರ. ವಾರಾಂತ್ಯದಲ್ಲಿ ಹಡ್ಸನ್ ದಾಟಿ ನ್ಯೂಜೆರ್ಸಿಯ ನೆಂಟರ ಮನೆಗೆ ಹೋದರೆ ಅದು ಜೊತೆಗೆ ಬರುವುದಿಲ್ಲ. ಅದಕ್ಕೆ ಎಸ್‌ಯುಎಂ ಎಂಬ ಪೂರಕ ಕವರೇಜ್ ಬೇಕು. ಯುಐಎಂ ಕೂಡ ಅದರಲ್ಲೇ ಇದೆ. 2018ರ ಬದಲಾವಣೆಯ ನಂತರ ಹೊಸ ಪಾಲಿಸಿಗಳಲ್ಲಿ ಎಸ್‌ಯುಎಂ ನಿಮ್ಮ ಲಯಬಿಲಿಟಿ ಮಿತಿಯಷ್ಟೇ ಇರಬೇಕು, ನೀವೇ ಸಹಿ ಮಾಡಿ ಇಳಿಸಿದರೆ ಮಾತ್ರ ಕಡಿಮೆ. ಸ್ವಂತ ಕಾರೂ ಇಲ್ಲ, ಪಾಲಿಸಿಯೂ ಇಲ್ಲ, ನಡೆದುಹೋಗುವಾಗ ಇನ್ಶೂರೆನ್ಸ್ ಇಲ್ಲದವನು ಗುದ್ದಿದ ಎಂದರೆ ಎಂವಿಎಐಸಿ ಎಂಬ ನಿಧಿಗೆ ಅರ್ಜಿ ಹಾಕಬಹುದು. ಇಂಥವರಿಗಾಗಿಯೇ ರಾಜ್ಯ ಅದನ್ನು 1958ರಲ್ಲಿ ಮಾಡಿತು.

ವರ್ಜೀನಿಯಾ ನನಗೆ ಇಷ್ಟವಾದ ಕಾನೂನಿರುವ ರಾಜ್ಯ. 2024ರ ಜೂನ್ ತನಕ ಇಲ್ಲಿ 500 ಡಾಲರ್ ಶುಲ್ಕ ಕಟ್ಟಿ ಇನ್ಶೂರೆನ್ಸ್ ಇಲ್ಲದೆಯೇ ಕಾರು ಓಡಿಸಬಹುದಿತ್ತು. ಆ ವರ್ಷದ ಜುಲೈ 1ರಿಂದ ಅದು ನಿಂತಿತು. 2025ರಿಂದ ಕನಿಷ್ಠ ಮಿತಿ 50/100/25. ಯುಎಂ ಕಡ್ಡಾಯ, ಮತ್ತು ಇಳಿಸಿ ಎಂದು ನೀವು ಹೇಳದಿದ್ದರೆ ಅದು ಲಯಬಿಲಿಟಿಯಷ್ಟೇ ಇರುತ್ತದೆ.

ಇನ್ನುಳಿದವನ್ನು ಬೇಗ ಹೇಳಿಬಿಡುತ್ತೇನೆ. ಇಲಿನಾಯ್‌ನಲ್ಲಿ 25/50 ಯುಎಂ ಕಡ್ಡಾಯ. ಅದಕ್ಕಿಂತ ಹೆಚ್ಚು ಯುಎಂ ಕೊಂಡರೆ ಯುಐಎಂ ಜೊತೆಗೇ ಬರುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ಎರಡನ್ನೂ ಸೇರಿಸಿ ಯುಐಎಂ ಎನ್ನುತ್ತಾರೆ, ಬೇಡ ಎಂದರೆ ಲಿಖಿತವಾಗಿ ಹೇಳಬೇಕು. ಮ್ಯಾಸಚೂಸೆಟ್ಸ್‌ನಲ್ಲಿ ಯುಎಂ ಕಡ್ಡಾಯ, ಯುಐಎಂ ನಿಮ್ಮ ಇಷ್ಟ. ಪೆನ್ಸಿಲ್ವೇನಿಯಾದಲ್ಲಿ ಯುಎಂ, ಯುಐಎಂ ಎರಡಕ್ಕೂ ಬೇರೆ ಬೇರೆ ನಿರಾಕರಣೆ ಫಾರಂ, ಕನಿಷ್ಠ ಮಿತಿ ಇನ್ನೂ 15/30/5. ಎದುರಿನವನ ಹತ್ತಿರ ಎಷ್ಟಿರಬಹುದು ಎಂದು ಇದರಿಂದಲೇ ಊಹಿಸಿ. ಮಿಶಿಗನ್‌ನಲ್ಲಿ ಕಾನೂನು ಯುಎಂ ಕೇಳುವುದೇ ಇಲ್ಲ. ಅದು ಪೂರ್ತಿ ನಿಮ್ಮ ಪಾಲಿಸಿಯ ಒಪ್ಪಂದದ ಮೇಲೆ ನಿಂತಿದೆ, ಹಾಗಾಗಿ ಡೆಟ್ರಾಯಿಟ್ ಕಡೆಯವರು ಪಾಲಿಸಿಯ ಸಣ್ಣ ಅಕ್ಷರಗಳನ್ನೇ ಓದಬೇಕು.

ಫ್ಲೋರಿಡಾಗೆ ಮಾತ್ರ ಒಂದು ಎಚ್ಚರಿಕೆ. ಅಲ್ಲಿ 10,000 ಡಾಲರ್ ಪಿಐಪಿ (ತಪ್ಪು ಯಾರದೇ ಇರಲಿ, ನಿಮ್ಮ ಗಾಯಕ್ಕೆ ನಿಮ್ಮದೇ ಕಂಪನಿ ಕೊಡುವ ಕವರೇಜ್) ಮತ್ತು 10,000 ಡಾಲರ್ ಆಸ್ತಿ ಹಾನಿ ಕವರೇಜ್ ಇದ್ದರೆ ಹೆಚ್ಚಿನವರಿಗೆ ಕಾನೂನು ಪ್ರಕಾರ ಸಾಕು. ಬೇರೆಯವರ ಗಾಯಕ್ಕೆ ಕೊಡುವ ಲಯಬಿಲಿಟಿ ಕಡ್ಡಾಯ ಅಲ್ಲ! ಅಂದರೆ ಕಾನೂನು ಪಾಲಿಸುವ ಡ್ರೈವರ್ ಗುದ್ದಿದರೂ ನಿಮ್ಮ ಗಾಯಕ್ಕೆ ಅವನ ಕಡೆಯಿಂದ ಏನೂ ಬರದೆ ಹೋಗಬಹುದು. ಆರ್ಲಾಂಡೊ, ಟ್ಯಾಂಪಾದಲ್ಲಿ ಇರುವವರು ಯುಎಂ ಬಿಡುವುದು ದುಡುಕು. ಮಕ್ಕಳನ್ನು ಡಿಸ್ನಿಗೆ ಕರೆದುಕೊಂಡು ಹೋಗುವ ಬೇರೆ ರಾಜ್ಯದವರಿಗೂ ಈ ಮಾತು ಸಲ್ಲುತ್ತದೆ.

ಹೆಜ್ಜೆ 3: ಎಷ್ಟು ಬೇಕು, ಲೆಕ್ಕ ಹಾಕಿ

ಯುಐಎಂ ಲೆಕ್ಕ ಎಲ್ಲ ಕಡೆ ಒಂದೇ ಅಲ್ಲ. ಎಷ್ಟೋ ಏಜೆಂಟರೂ ಇದನ್ನು ಬಿಡಿಸಿ ಹೇಳುವುದಿಲ್ಲ.

ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಒಬ್ಬರಿಗೆ ಅಪಘಾತ ಆಯಿತು ಎಂದುಕೊಳ್ಳಿ. ಬಿಲ್ಲು, ಸಂಬಳ, ನೋವು ಎಲ್ಲ ಸೇರಿ ನಷ್ಟ 2,00,000 ಡಾಲರ್. ಗುದ್ದಿದವನ ಲಯಬಿಲಿಟಿ ಕನಿಷ್ಠ, 30,000. ಇವರ ಯುಐಎಂ 1,00,000. ಒಟ್ಟು 1,30,000 ಸಿಗುತ್ತದೆ ಎಂದು ಅನಿಸುತ್ತದೆ ಅಲ್ವಾ? ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎದುರಿನವನಿಂದ ಬಂದದ್ದನ್ನು ನಿಮ್ಮ ಯುಐಎಂ ಮಿತಿಯಿಂದ ಕಳೆಯುತ್ತಾರೆ. ನಿಮ್ಮ ಕಂಪನಿ ಕೊಡುವುದು 70,000. ಎರಡೂ ಸೇರಿ 1,00,000ಕ್ಕೆ ನಿಂತಿತು.

ಈಗ ಅದೇ ವ್ಯಕ್ತಿಯ ಯುಐಎಂ 30/60 ಇದ್ದಿದ್ದರೆ? ಮೂವತ್ತರಲ್ಲಿ ಮೂವತ್ತು ಕಳೆದರೆ ಸೊನ್ನೆ. ಕನಿಷ್ಠ ಲಯಬಿಲಿಟಿ ಈಗ 30/60 ಆಗಿರುವುದರಿಂದ, ಕ್ಯಾಲಿಫೋರ್ನಿಯಾದಲ್ಲಿ 30/60ರ ಯುಐಎಂ ಹೆಚ್ಚುಕಡಿಮೆ ಕಾಗದದ ಮೇಲಷ್ಟೇ ಇದೆ. ಎದುರಿನವನಿಗೆ ಇನ್ಶೂರೆನ್ಸ್ ಇಲ್ಲದಾಗ ಯುಎಂ ಆಗಿ ಕೆಲಸಕ್ಕೆ ಬರುತ್ತದೆ, ಕಡಿಮೆ ಇದ್ದಾಗ ಬರುವುದಿಲ್ಲ. ನ್ಯೂಜೆರ್ಸಿಯಲ್ಲೂ ಇದೇ ಕಳೆಯುವ ಲೆಕ್ಕ.

ಜಾರ್ಜಿಯಾಕ್ಕೆ ಬನ್ನಿ. ಅಲ್ಲಿ ಯುಎಂನಲ್ಲಿ ಎರಡು ಬಗೆ. ಒಂದು ಆಡ್-ಆನ್, ಇನ್ನೊಂದು ರಿಡ್ಯೂಸ್ಡ್. ನೀವು ಏನೂ ಹೇಳದಿದ್ದರೆ ಆಡ್-ಆನ್. ಎದುರಿನವನ ಹತ್ತಿರ ಅಲ್ಲಿನ ಕನಿಷ್ಠ 25,000 ಇದ್ದು, ನಿಮ್ಮ ಆಡ್-ಆನ್ 1,00,000 ಇದ್ದರೆ, ಒಟ್ಟು 1,25,000 ತನಕ ಸಿಗಬಹುದು. ರಿಡ್ಯೂಸ್ಡ್ ತೆಗೆದುಕೊಂಡರೆ ಕ್ಯಾಲಿಫೋರ್ನಿಯಾದ ಲೆಕ್ಕವೇ. ಅಟ್ಲಾಂಟಾ, ಆಲ್ಫರೆಟ್ಟಾ ಕಡೆಯವರು ಡಿಕ್ಲರೇಶನ್ ಪೇಜ್‌ನಲ್ಲಿ ಆಡ್-ಆನ್ ಪದ ಇದೆಯೇ ನೋಡಿ. ವರ್ಜೀನಿಯಾದಲ್ಲೂ 2023ರ ಜುಲೈ ನಂತರದ ಪಾಲಿಸಿಗಳಲ್ಲಿ ಮೇಲೆ ಸೇರಿಸುವ ಲೆಕ್ಕವೇ ಮೊದಲ ಆಯ್ಕೆ.

ಹಾಗಾದರೆ ಎಷ್ಟು ಇಡಬೇಕು? ಲಯಬಿಲಿಟಿ ಎಷ್ಟಿದೆಯೋ ಅಷ್ಟೇ ಯುಎಂ/ಯುಐಎಂ, ಇದು ನನ್ನ ಅಭಿಪ್ರಾಯ. ಮನೆ, ಉಳಿತಾಯ ಇರುವವರು ಎರಡನ್ನೂ 250/500ಕ್ಕೆ ಏರಿಸುವುದು ಒಳ್ಳೆಯದು. ಇಬ್ಬರ ಸಂಬಳದಲ್ಲಿ ನಡೆಯುವ ಮನೆಗಿಂತ ಒಬ್ಬರ ಸಂಬಳದಲ್ಲಿ ನಡೆಯುವ ಮನೆಗೆ ಇದು ಇನ್ನೂ ಮುಖ್ಯ. ಎಚ್-1ಬಿಯಲ್ಲಿ ಇರುವವರು ತಿಂಗಳುಗಟ್ಟಲೆ ಕೆಲಸಕ್ಕೆ ಹೋಗಲಾಗದೆ ಉಳಿದರೆ ಹೆಲ್ತ್ ಇನ್ಶೂರೆನ್ಸ್ ಆಸ್ಪತ್ರೆಗೆ ಕೊಡುತ್ತದೆ, ಮನೆ ಬಾಡಿಗೆಗೆ ಕೊಡುವುದಿಲ್ಲ. "ನನಗೆ ಆಫೀಸಿನ ಒಳ್ಳೆಯ ಹೆಲ್ತ್ ಪ್ಲಾನ್ ಇದೆ, ಯುಎಂ ಯಾಕೆ?" ಎನ್ನುವವರಿಗೆ ನನ್ನ ಉತ್ತರ ಇಷ್ಟೇ.

ಅಂಬ್ರೆಲಾ ಪಾಲಿಸಿ (ಉಳಿದ ಪಾಲಿಸಿಗಳ ಮಿತಿಯ ಮೇಲೆ ಬರುವ ಹೆಚ್ಚುವರಿ ಪಾಲಿಸಿ) ಇದೆ, ಸಾಕು ಎನ್ನುವವರೂ ಇದ್ದಾರೆ. ಅಂಬ್ರೆಲಾ ಸಾಮಾನ್ಯವಾಗಿ ನೀವು ಬೇರೆಯವರಿಗೆ ಕೊಡಬೇಕಾದದ್ದಕ್ಕೆ. ನಿಮಗೆ ಬರಬೇಕಾದದ್ದಕ್ಕೆ ಯುಎಂ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ಪತ್ರ, ಬೇರೆಯಾಗಿ ಕೇಳಬೇಕು, ಎಲ್ಲ ಕಂಪನಿಗಳೂ ಕೊಡುವುದಿಲ್ಲ.

ಹೆಜ್ಜೆ 4: ಯಾರು ಯಾರು ಇದರ ಒಳಗೆ ಬರುತ್ತಾರೆ?

ಸಾಮಾನ್ಯವಾಗಿ ಪಾಲಿಸಿಯಲ್ಲಿ ಹೆಸರಿರುವವರು, ಅವರ ಗಂಡ ಅಥವಾ ಹೆಂಡತಿ, ಅದೇ ಮನೆಯಲ್ಲಿ ವಾಸಿಸುವ ಸಂಬಂಧಿಕರು. ಇವರಿಗೆ ಯುಎಂ ಕಾರಿನ ಆಚೆಗೂ ಬರುತ್ತದೆ. ಸಂಜೆ ವಾಕಿಂಗ್ ಹೋದಾಗ, ಮಗಳು ಸೈಕಲ್‌ನಲ್ಲಿ ಶಾಲೆಗೆ ಹೋಗುವಾಗ, ಸ್ನೇಹಿತರ ಕಾರಿನಲ್ಲಿ ಕೂತಾಗ. ಇವರಲ್ಲದೆ ನಿಮ್ಮ ಕಾರಿನಲ್ಲಿ ಕೂತಿರುವ ಯಾರಿಗೇ ಆದರೂ ಕಾರಿನಲ್ಲಿ ಇರುವಷ್ಟು ಹೊತ್ತು ಬರುತ್ತದೆ.

ಈಗ ಊರಿನಿಂದ ಬರುವ ಅಪ್ಪ ಅಮ್ಮನ ವಿಷಯ. ಆರು ತಿಂಗಳಿಗೆ ಬಿ-2 ವೀಸಾದಲ್ಲಿ ಬರುತ್ತಾರೆ. ನಿಮ್ಮ ಕಾರಿನಲ್ಲಿ ಕೂತಿದ್ದಾಗ ಅವರು ಒಳಗೆ. ಆದರೆ ಬೆಳಿಗ್ಗೆ ಅಪ್ಪ ಒಬ್ಬರೇ ವಾಕಿಂಗ್ ಹೋಗಿ, ರಸ್ತೆ ದಾಟುವಾಗ ಇನ್ಶೂರೆನ್ಸ್ ಇಲ್ಲದವನು ಗುದ್ದಿದರೆ? ಅವರು "ಅದೇ ಮನೆಯ ವಾಸಿ"ಯೋ ಅಥವಾ ಬಂದುಹೋಗುವ ಅತಿಥಿಯೋ ಎಂಬ ಜಗಳ ಅಲ್ಲೇ ಶುರು. ಅವರ ಖಾಯಂ ಮನೆ ಮೈಸೂರಿನಲ್ಲಿದೆ ಎಂದು ಕಂಪನಿ ವಾದಿಸುತ್ತದೆ. ವಿಸಿಟರ್ಸ್ ಇನ್ಶೂರೆನ್ಸ್‌ಗೆ ಮಿತಿ ಇರುತ್ತದೆ, ಹಿರಿಯರಿಗೆ ಅದು ಇನ್ನೂ ಕಡಿಮೆ. ಅವರು ವಿಮಾನ ಹತ್ತುವ ಮೊದಲೇ ಕಂಪನಿಗೆ ಇಮೇಲ್ ಮಾಡಿ: "ನನ್ನ ತಂದೆ ತಾಯಿ ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ನನ್ನ ಮನೆಯಲ್ಲಿ ಇರುತ್ತಾರೆ. ಕಾರಿನ ಹೊರಗೆ ಇದ್ದಾಗ ಅವರಿಗೆ ಯುಎಂ ಅನ್ವಯವಾಗುತ್ತದೆಯೇ?" ಫೋನಿನಲ್ಲಿ ಸಿಗುವ ಉತ್ತರ ಬೇಡ, ಬರಹದಲ್ಲಿ ತೆಗೆದುಕೊಳ್ಳಿ. ವಿಸಿಟರ್ಸ್ ಇನ್ಶೂರೆನ್ಸ್‌ನ ಮೊತ್ತವನ್ನು ಆ ಉತ್ತರ ನೋಡಿ ತೀರ್ಮಾನಿಸಿ.

ಎಂಎಸ್ ಮಾಡುವ ಹುಡುಗರು ನಾಲ್ಕು ಜನ ಸೇರಿ ಒಂದು ಕಾರು ಕೊಳ್ಳುತ್ತಾರೆ, ಪಾಲಿಸಿ ಒಬ್ಬನ ಹೆಸರಿನಲ್ಲಿ. ರೂಮ್‌ಮೇಟ್ ಸಂಬಂಧಿಕ ಅಲ್ಲ. ಆ ಕಾರಿನಲ್ಲಿ ಇದ್ದಾಗ ಅವನಿಗೆ ಯುಎಂ ಇದೆ, ನಡೆದು ಹೋಗುವಾಗ ಇಲ್ಲ. ಕಾರಿಲ್ಲದೆ ಬೇರೆಯವರ ಕಾರು ಓಡಿಸುವವರು ನಾನ್-ಓನರ್ ಪಾಲಿಸಿ ಕೊಳ್ಳಬಹುದು, ಅದರಲ್ಲಿ ಯುಎಂ ಸೇರಿಸಿ ಎಂದು ಕೇಳಬೇಕು.

ಊಬರ್, ಲಿಫ್ಟ್‌ನಲ್ಲಿ ಪ್ರಯಾಣಿಸುವವರಿಗೆ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಬದಲಾವಣೆ ಆಗಿದೆ. ಮೊದಲು ಆ ಕಂಪನಿಗಳು ಪ್ರಯಾಣಿಕರಿಗೆ 10 ಲಕ್ಷ ಡಾಲರ್ ಯುಎಂ/ಯುಐಎಂ ಇಟ್ಟಿರಬೇಕಿತ್ತು. 2026ರ ಜನವರಿಯಿಂದ ಅದು ಒಬ್ಬರಿಗೆ 60,000, ಒಂದು ಘಟನೆಗೆ 3,00,000 ಡಾಲರ್. ಸ್ಯಾನ್ ಫ್ರಾನ್ಸಿಸ್ಕೊ ಏರ್‌ಪೋರ್ಟ್‌ಗೆ ಊಬರ್‌ನಲ್ಲಿ ಹೋಗುವವರಿಗೂ ಈಗ ಸ್ವಂತ ಕಾರಿನ ಪಾಲಿಸಿಯ ಯುಎಂ ಲೆಕ್ಕಕ್ಕೆ ಬರುತ್ತದೆ.

ಹೆಜ್ಜೆ 5: ಏಜೆಂಟ್‌ಗೆ ಬರೆಯಿರಿ

ಈಗ ಕೆಲಸ ಸುಲಭ. ಮೂರು ವಿಷಯ ಕೇಳಿ. ಒಂದು, ನನ್ನ ಯುಎಂ/ಯುಐಎಂ ಅನ್ನು ಲಯಬಿಲಿಟಿಯಷ್ಟೇ ಮಾಡಿದರೆ ಆರು ತಿಂಗಳಿಗೆ ಎಷ್ಟು ಜಾಸ್ತಿ? ಎರಡು, ನಾನು ಸಹಿ ಮಾಡಿದ ನಿರಾಕರಣೆ ಅಥವಾ ಇಳಿಕೆ ಫಾರಂ ಇದ್ದರೆ ಅದರ ಪ್ರತಿ ಕಳಿಸಿ. ಮೂರು, ನನ್ನ ಯುಐಎಂನಲ್ಲಿ ಎದುರಿನವರ ಮೊತ್ತ ಕಳೆಯುತ್ತೀರೋ, ಅದರ ಮೇಲೆ ಸೇರಿಸುತ್ತೀರೋ? ಕೆಲವು ರಾಜ್ಯಗಳಲ್ಲಿ ಸ್ಟ್ಯಾಕಿಂಗ್ ಎಂಬ ಆಯ್ಕೆಯೂ ಇದೆ, ಎರಡು ಕಾರಿನ ಮಿತಿಯನ್ನು ಕೂಡಿಸಿಕೊಳ್ಳುವುದು. ಫ್ಲೋರಿಡಾ, ಪೆನ್ಸಿಲ್ವೇನಿಯಾದವರು ಅದನ್ನೂ ಕೇಳಿ.

ಬದಲಾವಣೆಗೆ ರಿನ್ಯೂವಲ್ ತನಕ ಕಾಯಬೇಕಿಲ್ಲ, ಪಾಲಿಸಿಯ ನಡುವೆಯೂ ಮಾಡಿಸಬಹುದು. ಹೊಸ ಡಿಕ್ಲರೇಶನ್ ಪೇಜ್ ಬಂದ ಮೇಲೆ ಆ ಸಾಲು ಬದಲಾಗಿದೆಯೇ ಎಂದು ಕಣ್ಣಾರೆ ನೋಡಿ. "ಆಯ್ತು ಸರ್, ಮಾಡಿದ್ದೀನಿ" ಎಂಬ ಮಾತು ಕ್ಲೇಮ್ ದಿನ ನಡೆಯುವುದಿಲ್ಲ. ಪ್ರೀಮಿಯಂ ಇಳಿಸಲೇಬೇಕಾದರೆ ಕೊಲಿಶನ್ ಡಿಡಕ್ಟಿಬಲ್ ಏರಿಸಿ. ಬಂಪರ್ ಖರ್ಚು ಹೇಗೋ ಹೊಂದಿಸಿಕೊಳ್ಳಬಹುದು, ಬೆನ್ನುಮೂಳೆ ಆಪರೇಷನ್ ಖರ್ಚು ಆಗುವುದಿಲ್ಲ.

ಊರಿಗೆ ರಜೆಗೆ ಹೋಗುವಾಗ ದುಡ್ಡು ಉಳಿಸಲು ಪಾಲಿಸಿ ರದ್ದು ಮಾಡಿ, ಬಂದ ಮೇಲೆ ಮರೆತು ಓಡಿಸುವವರಿಗೆ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ 1996ರ ಪ್ರೊಪೊಸಿಷನ್ 213 ಪ್ರಕಾರ, ಇನ್ಶೂರೆನ್ಸ್ ಇಲ್ಲದ ಕಾರಿನ ಮಾಲೀಕನಿಗೆ ತಪ್ಪು ಪೂರ್ತಿ ಎದುರಿನವನದಾದರೂ ನೋವು, ಸಂಕಟಕ್ಕೆ ಪರಿಹಾರ ಸಿಗುವುದಿಲ್ಲ. ಬಿಲ್ಲು, ಸಂಬಳ ಮಾತ್ರ.

ಹೆಜ್ಜೆ 6: ಅಪಘಾತ ಆದ ದಿನ

ಮೊದಲು 911. ಪೊಲೀಸ್ ರಿಪೋರ್ಟ್ ಇಲ್ಲದೆ ಯುಎಂ ಕ್ಲೇಮ್ ಕಷ್ಟ. ಎದುರಿನವನು "ಪೊಲೀಸ್ ಬೇಡ, ನಾನೇ ಕ್ಯಾಶ್ ಕೊಡುತ್ತೇನೆ" ಎಂದರೆ ಅವನ ಹತ್ತಿರ ಇನ್ಶೂರೆನ್ಸ್ ಇಲ್ಲ ಎನ್ನುವ ಸಂಶಯ ಬರಲಿ. ನಂಬರ್ ಪ್ಲೇಟ್, ಲೈಸೆನ್ಸ್, ಇನ್ಶೂರೆನ್ಸ್ ಕಾರ್ಡ್ ಫೋಟೋ ತೆಗೆಯಿರಿ. ನೋಡಿದವರ ಫೋನ್ ನಂಬರ್ ತೆಗೆದುಕೊಳ್ಳಿ. ಕಾರ್ಡ್ ಇದೆ ಎಂದ ಮಾತ್ರಕ್ಕೆ ಪಾಲಿಸಿ ಚಾಲ್ತಿಯಲ್ಲಿದೆ ಎಂದಲ್ಲ. ಹಾಗಾಗಿ ಅದೇ ದಿನ ನಿಮ್ಮ ಕಂಪನಿಗೂ ತಿಳಿಸಿಬಿಡಿ. ತಪ್ಪು ನಿಮ್ಮದಲ್ಲದ ಅಪಘಾತಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಪ್ರೀಮಿಯಂ ಏರಿಸುವಂತಿಲ್ಲ, ಆ ಹೆದರಿಕೆಯಿಂದ ಸುಮ್ಮನಿರಬೇಡಿ.

ಗುದ್ದಿ ಓಡಿಹೋದ ಪ್ರಕರಣಗಳಲ್ಲಿ ಗಡಿಯಾರ ಓಡುತ್ತಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, 30 ದಿನದೊಳಗೆ ಕಂಪನಿಗೆ ಪ್ರಮಾಣ ಮಾಡಿದ ಹೇಳಿಕೆ ಕೊಡಬೇಕು. ನ್ಯೂಯಾರ್ಕ್‌ನಲ್ಲೂ 24 ಗಂಟೆ, ಹೇಳಿಕೆಗೆ 90 ದಿನ. ವಾಷಿಂಗ್ಟನ್‌ನಲ್ಲಿ 72 ಗಂಟೆ.

ಇನ್ನೊಂದು ಪೇಚು ಇದೆ. ಯಾರೋ ಅಡ್ಡ ಬಂದರು, ತಪ್ಪಿಸಲು ಹೋಗಿ ನೀವು ಡಿವೈಡರ್‌ಗೆ ಗುದ್ದಿದಿರಿ, ಅವನು ನಿಲ್ಲದೆ ಹೋದ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಲ್ಲಿ ಗುರುತು ಸಿಗದ ಗಾಡಿ ನಿಮ್ಮ ಕಾರಿಗೆ ತಾಗಿರಲೇಬೇಕು, ಇಲ್ಲದಿದ್ದರೆ ಯುಎಂ ಇಲ್ಲ. ಡ್ಯಾಶ್‌ಕ್ಯಾಮ್‌ನಲ್ಲಿ ಎಲ್ಲ ದಾಖಲಾಗಿದ್ದರೂ ತಾಗದಿದ್ದರೆ ಪ್ರಯೋಜನ ಇಲ್ಲ. ಆದರೆ ಅದೇ ಕ್ಯಾಮೆರಾದಲ್ಲಿ ಆ ಗಾಡಿಯ ನಂಬರ್ ಸಿಕ್ಕಿಬಿಟ್ಟರೆ ಕತೆ ಬೇರೆ, ಆಗ ಅವನು ಅಪರಿಚಿತ ಅಲ್ಲ. ವಾಷಿಂಗ್ಟನ್‌ನಲ್ಲಿ ತಾಗಿರಬೇಕಿಲ್ಲ, ಆದರೆ ನಿಮ್ಮ ಮಾತಿನ ಹೊರತು ಬೇರೆ ಸಾಕ್ಷ್ಯ ಬೇಕು. ಜಾರ್ಜಿಯಾದಲ್ಲಿ ತಾಗಿರಬೇಕು ಅಥವಾ ಕಣ್ಣಾರೆ ಕಂಡ ಸಾಕ್ಷಿ ಬೇಕು. ವರ್ಜೀನಿಯಾದಲ್ಲಿ ತಾಗಿರಬೇಕೆಂಬ ನಿಯಮವೇ ಇಲ್ಲ.

ಹೆಜ್ಜೆ 7: ಕ್ಲೇಮ್ ನಡೆಸುವುದು

ಯುಎಂ ಕ್ಲೇಮ್ ಹಾಕಿದ ಕ್ಷಣದಿಂದ ನಿಮ್ಮ ಕಂಪನಿ ನಿಮ್ಮ ಎದುರು ಪಕ್ಷದ ಜಾಗದಲ್ಲಿ ಕೂರುತ್ತದೆ. ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿದ್ದೇನೆ, ನನ್ನವರೇ ಎಂದುಕೊಂಡು ಎಲ್ಲ ಹೇಳಿಕೊಳ್ಳಬೇಡಿ. ಅಡ್ಜಸ್ಟರ್ (ಕ್ಲೇಮ್ ಪರಿಶೀಲಿಸುವ ಕಂಪನಿಯ ವ್ಯಕ್ತಿ) ಮರ್ಯಾದೆಯಿಂದಲೇ ಮಾತಾಡುತ್ತಾರೆ, ಆದರೆ ಅವರ ಕೆಲಸ ಮೊತ್ತ ಇಳಿಸುವುದು. ಸಹಕರಿಸುವುದು ನಿಮ್ಮ ಕರ್ತವ್ಯ, ಊಹೆ ಮಾಡಿ ಉತ್ತರ ಕೊಡುವುದು ಅಲ್ಲ. "ಈಗ ಆರಾಮಾಗಿದ್ದೀನಿ" ಎಂದು ಅಭ್ಯಾಸಬಲದಿಂದ ಹೇಳುವ ಮಾತೂ ರೆಕಾರ್ಡ್ ಆಗುತ್ತದೆ.

ಎದುರಿನವನ ಕಂಪನಿ ಸಣ್ಣ ಚೆಕ್ ಕಳಿಸಿ ಬಿಡುಗಡೆ ಪತ್ರಕ್ಕೆ ಸಹಿ ಕೇಳಿದರೆ ತಡೆಯಿರಿ. ನಿಮ್ಮ ಕಂಪನಿಯ ಒಪ್ಪಿಗೆ ಇಲ್ಲದೆ ಸೆಟಲ್ ಮಾಡಿಕೊಂಡರೆ ಯುಐಎಂ ಕೈತಪ್ಪುವ ಷರತ್ತು ಹೆಚ್ಚಿನ ಪಾಲಿಸಿಗಳಲ್ಲಿ ಇದೆ. ಮೊದಲು ನಿಮ್ಮ ಕಂಪನಿಗೆ ಬರೆದು ಒಪ್ಪಿಗೆ ಪಡೆಯಿರಿ, ಆಮೇಲೆ ಸಹಿ. ಕ್ಯಾಲಿಫೋರ್ನಿಯಾದಲ್ಲಿ ಯುಐಎಂ ಕೇಳುವ ಮೊದಲು ಎದುರಿನವನ ಮಿತಿ ಪೂರ್ತಿ ಮುಗಿದಿದೆ ಎಂದು ತೋರಿಸಬೇಕು.

ಮೊತ್ತದ ಬಗ್ಗೆ ಒಪ್ಪಂದ ಆಗದಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ಆರ್ಬಿಟ್ರೇಶನ್, ಅಂದರೆ ಕೋರ್ಟಿನ ಬದಲು ಮಧ್ಯಸ್ಥರ ತೀರ್ಪು. ಯುಎಂಗೆ ಅಪಘಾತವಾದ ಎರಡು ವರ್ಷದೊಳಗೆ ಸೆಟಲ್ ಆಗಿರಬೇಕು, ಅಥವಾ ಗುದ್ದಿದವನ ಮೇಲೆ ಕೇಸ್ ಹಾಕಿರಬೇಕು, ಅಥವಾ ಆರ್ಬಿಟ್ರೇಶನ್ ಬೇಕೆಂದು ಸರ್ಟಿಫೈಡ್ ಅಂಚೆಯಲ್ಲಿ ಕಂಪನಿಗೆ ತಿಳಿಸಿರಬೇಕು. ಅಡ್ಜಸ್ಟರ್ ಜೊತೆ ಇಮೇಲ್ ಓಡಾಡುತ್ತಿದೆ ಎಂಬುದು ಈ ಮೂರರಲ್ಲಿ ಯಾವುದೂ ಅಲ್ಲ.

ಟೆಕ್ಸಾಸ್‌ನ ರಗಳೆ ಹೇಳುತ್ತೇನೆ ಎಂದಿದ್ದೆ. 2006ರ ಬ್ರೇನಾರ್ಡ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೀಗೆ ಹೇಳಿತು: ಎದುರಿನವನ ತಪ್ಪು ಎಷ್ಟು, ನಿಮ್ಮ ನಷ್ಟ ಎಷ್ಟು ಎಂದು ಕೋರ್ಟ್ ತೀರ್ಮಾನಿಸುವವರೆಗೆ ಯುಐಎಂ ದುಡ್ಡು ಕೊಡುವ ಹೊಣೆ ಕಂಪನಿಗೆ ಬರುವುದಿಲ್ಲ. ಸೌಜನ್ಯದಿಂದ ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಕೇಸ್ ಹಾಕಲೇಬೇಕು. ಹಾಗಾಗಿ ಡಾಲಸ್‌ನಲ್ಲಿ ದೊಡ್ಡ ಗಾಯದ ಯುಐಎಂ ಕ್ಲೇಮ್ ಎಂದರೆ ಮೊದಲಿಂದಲೇ ವಕೀಲರು ಬೇಕು ಎಂದುಕೊಳ್ಳಿ. ಗಾಯದ ಪ್ರಕರಣಗಳ ವಕೀಲರು ಸಾಮಾನ್ಯವಾಗಿ ಮೊದಲು ಫೀ ಕೇಳುವುದಿಲ್ಲ, ಬಂದ ಮೊತ್ತದಲ್ಲಿ ಒಂದು ಪಾಲು ತೆಗೆದುಕೊಳ್ಳುತ್ತಾರೆ. ಆ ಪಾಲನ್ನು ಖರ್ಚು ಕಳೆಯುವ ಮೊದಲು ಲೆಕ್ಕ ಹಾಕುತ್ತಾರೋ, ಕಳೆದ ಮೇಲೋ ಎಂದು ಒಪ್ಪಂದಕ್ಕೆ ಸಹಿ ಮಾಡುವ ಮೊದಲು ಕೇಳಿ. ನಿಮ್ಮ ಹೆಲ್ತ್ ಇನ್ಶೂರೆನ್ಸ್ ಕಂಪನಿ ತಾನು ಆಸ್ಪತ್ರೆಗೆ ಕಟ್ಟಿದ್ದನ್ನು ಆ ಮೊತ್ತದಿಂದ ವಾಪಸ್ ಕೇಳಬಹುದು. ಅದನ್ನು ಇಳಿಸಲು ಮಾತಾಡುವುದು ವಕೀಲರ ಫೀಯಲ್ಲೇ ಸೇರಿದೆಯೇ ಎಂದೂ ಅದೇ ದಿನ ಕೇಳಿಕೊಳ್ಳಿ.